ನಿಘಂಟಿನಲ್ಲಿ ಸಿಕ್ಕ ಅಪ್ಪ

ಬಿಇ ಮೊದಲ ವರ್ಷದಲ್ಲಿ ನಮಗೆ ವಾರಕ್ಕೊಂದು ಕನ್ನಡ ತರಗತಿ ಇತ್ತು. ಮ್ಯಾಥ್ಸ್, ಫಿಸಿಕ್ಸ್, ಸಿ ಪ್ರೋಗ್ರಾಮಿಂಗ್ ನಡುವೆ ಒದ್ದಾಡುವ ನಮಗೆ ಅದೊಂದು ಗಂಟೆ ಉಸಿರು ಬಿಡುವ ಹೊತ್ತು. ಒಂದು ದಿನ ಮೇಡಂ ಚೀಟಿ ಎತ್ತಿಸಿ ಅಸೈನ್‌ಮೆಂಟ್ ಹಂಚಿದರು. ನನ್ನ ಚೀಟಿಯಲ್ಲಿದ್ದ ಹೆಸರು ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಡಿಕ್ಷನರಿ ಬರೆದ ಪಾದ್ರಿ ಎಂಬುದಷ್ಟೇ ಗೊತ್ತಿತ್ತು. ರಾತ್ರಿ ಹಾಸ್ಟೆಲ್‌ನಲ್ಲಿ ಕುಳಿತು, ಮೊಬೈಲ್ ನೋಡಿಕೊಂಡು ನಾಲ್ಕು ಪುಟ ತುಂಬಿಸಿ ಕೊಟ್ಟೆ. ಹತ್ತಕ್ಕೆ ಎಂಟು ಅಂಕ ಬಂತು. ಅಲ್ಲಿಗೆ ಮರೆತೆ.

ಈ ವರ್ಷ ಅದೇ ಪಾದ್ರಿ ಮತ್ತೆ ಎದುರಾದರು. ಪ್ಲೇಸ್‌ಮೆಂಟ್ ತಯಾರಿಗೆಂದು ಲೈಬ್ರರಿಗೆ ಹೋಗಿ ಆಪ್ಟಿಟ್ಯೂಡ್ ಪುಸ್ತಕ ಹುಡುಕುತ್ತಿದ್ದೆ. ಎದುರಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದು ಧೂಳು ಹಿಡಿದು ಕೂತಿತ್ತು. ಕಿಟೆಲ್ ನಿಘಂಟಿನ ಮರುಮುದ್ರಣ. ನಾಲ್ಕು ಪುಟ ಬರೆದವಳು ಪುಸ್ತಕವನ್ನು ಒಮ್ಮೆಯೂ ಮುಟ್ಟಿರಲಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು. ತೆಗೆದು ಮೇಜಿನ ಮೇಲಿಟ್ಟೆ. ಯಾವ ಪದ ನೋಡುವುದು? ಅಕಾರದಲ್ಲೇ ಬೇಗ ಸಿಗುವ ಪದ ಎಂದು 'ಅಪ್ಪ' ತೆಗೆದೆ.

ತಂದೆ ಎಂಬ ಅರ್ಥವೂ ಇದೆ, ತಿನ್ನುವ ಅಪ್ಪವೂ ಇದೆ. ನನಗೆ ನಗು ಬಂತು. ಏಕೆಂದರೆ ನನ್ನ ಅಪ್ಪ ಅಡುಗೆಯವನು.

ನಮ್ಮೂರು ಕಮ್ಮರಡಿ, ಕೊಪ್ಪ ತಾಲ್ಲೂಕು. ನಮ್ಮದು ಒಂದೂಕಾಲು ಎಕರೆ ಅಡಿಕೆ ತೋಟ. ಕೊಪ್ಪ, ಶೃಂಗೇರಿ ಕಡೆಯವರಿಗೆ ಹಳದಿ ಎಲೆ ರೋಗ ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ಹೆಡೆ ತುದಿಯಿಂದ ಹಳದಿಯಾಗುತ್ತದೆ, ಎಳೆಕಾಯಿ ಉದುರುತ್ತದೆ, ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಇಂಥದ್ದು ಹೊಡೆದರೆ ಹೋಯಿತು ಎನ್ನುವಂಥ ಔಷಧಿ ಇಲ್ಲ. ನಮ್ಮ ತೋಟದ ಫಸಲು ಗೊಬ್ಬರದ ಖರ್ಚಿಗೂ ಸಾಲದಾದಾಗ ಅಪ್ಪ ಬೆಂಗಳೂರಿನ ಒಂದು ಹೋಟೆಲಿಗೆ ಅಡುಗೆಗೆ ಹೋದ. ಆಗ ನಾನು ಒಂದನೇ ಕ್ಲಾಸು, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅಪ್ಪ ಮರಳಿದ್ದು 2020ರಲ್ಲಿ, ಲಾಕ್‌ಡೌನ್‌ನಿಂದ ಹೋಟೆಲ್ ಮುಚ್ಚಿದಾಗ. ನಾನು ಹತ್ತನೇ ಕ್ಲಾಸಿಗೆ ಬಂದಿದ್ದೆ. ನಡುವೆ ಒಂಬತ್ತು ವರ್ಷ. ವರ್ಷಕ್ಕೆ ಎರಡು ಸಲ, ದೀಪಾವಳಿಗೆ ಮತ್ತು ಅಡಿಕೆ ಕೊಯ್ಲಿಗೆ, ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದ. ಬ್ಯಾಗಿನಲ್ಲಿ ಮೈಸೂರುಪಾಕ್ ಇರುತ್ತಿತ್ತು. ತಮ್ಮ ಮೊದಮೊದಲು ಅವನನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದ.

ಆ ಒಂಬತ್ತು ವರ್ಷದ ಬಗ್ಗೆ ನನಗೊಂದು ಸಿಟ್ಟು ಇತ್ತು. ಇತ್ತು ಎನ್ನುವುದಕ್ಕಿಂತ ಸಾಕಿಕೊಂಡಿದ್ದೆ ಎನ್ನಬೇಕು. ಸ್ಕೂಲ್ ಡೇಗೆ ಬರಲಿಲ್ಲ, ನನಗೆ ಜ್ವರ ಬಂದಾಗ ಇರಲಿಲ್ಲ, ಅಜ್ಜಿ ಸತ್ತಾಗ ಮರುದಿನ ಬಂದ. ಈಗ ಮನೆಯಲ್ಲೇ ಇದ್ದರೂ ಅವನ ಜೊತೆ ನನಗೆ ಮಾತು ಕಡಿಮೆ. ಹಾಸ್ಟೆಲ್‌ನಿಂದ ಫೋನ್ ಮಾಡಿದರೆ 'ಊಟ ಆಯ್ತಾ' ಎನ್ನುತ್ತಾನೆ, 'ಆಯ್ತು' ಎನ್ನುತ್ತೇನೆ, ಅಮ್ಮನಿಗೆ ಕೊಡುತ್ತಾನೆ.

ನಿಘಂಟು ಮುಚ್ಚಿಟ್ಟ ಮೇಲೂ ತಲೆಯಲ್ಲಿ ಏನೋ ಕೊರೆಯುತ್ತಿತ್ತು. ಈ ಪಾದ್ರಿಗೂ ಹೆಂಡತಿ, ಮಕ್ಕಳು ಇದ್ದರೇ? ನನ್ನ ನಾಲ್ಕು ಪುಟದ ಅಸೈನ್‌ಮೆಂಟಿನಲ್ಲಿ ಆ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಈ ಸಲ ನಿಜವಾಗಿಯೂ ಹುಡುಕಿ ಓದಿದೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅವರ ತಂದೆಯೂ ಪಾದ್ರಿ. ಕಿಟೆಲ್ 1850ರಲ್ಲಿ ಬಾಸೆಲ್ ಮಿಷನ್ ಸೇರಿದರು. ಆಗ ಅವರ ವಯಸ್ಸು ನಾನು ಹಾಸ್ಟೆಲಿಗೆ ಬಂದಾಗ ನನಗಿದ್ದಷ್ಟೇ, ಹದಿನೆಂಟು. 1853ರಲ್ಲಿ ಧಾರವಾಡಕ್ಕೆ ಬಂದರು. ಧರ್ಮ ಪ್ರಚಾರಕ್ಕೆಂದು ಕಳಿಸಿದ್ದರು. ಇವರೋ ಜನರ ಮಾತು, ಗಾದೆ, ಹಳೆಯ ಓಲೆಗರಿಯ ಹಿಂದೆ ಬಿದ್ದರು. ಭಾರತದವರ ನಡುವೆ ಭಾರತದವನಂತೆಯೇ ಇರಬೇಕೆಂಬ ಹಂಬಲ ಅವರದ್ದು. ಇದರಿಂದ ಮಿಷನ್ನಿನ ಜೊತೆಗಾರರಿಗೂ ಅವರಿಗೂ ಅಷ್ಟಾಗಿ ಹೊಂದುತ್ತಿರಲಿಲ್ಲ. ಕೊಟ್ಟ ಕೆಲಸದಲ್ಲಿ ಅವರು ಗೆದ್ದರೆಂದು ಅವರ ಕಾಲದ ಮಿಷನ್ನಿನವರು ಹೇಳುತ್ತಿರಲಿಲ್ಲವೇನೋ.

ಆದರೆ ಇನ್ನೊಂದು ಕೆಲಸದ ಪಟ್ಟಿ ನೋಡಿ. 1862ರಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹಾಡುವಂತೆ ಬರೆದ 'ಕಥಾಮಾಲೆ'. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಪಾದನೆ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಅದರ ಹಿಂದೆ ಎರಡು ದಶಕಗಳ ದುಡಿಮೆ.

ಎಂಜಿನಿಯರಿಂಗ್ ವಿದ್ಯಾರ್ಥಿನಿಯಾಗಿ ಲೆಕ್ಕ ಹಾಕದೆ ಇರಲಾಗಲಿಲ್ಲ. 70,000 ಪದಕ್ಕೆ ಇಪ್ಪತ್ತು ವರ್ಷ ಎಂದರೆ ವರ್ಷಕ್ಕೆ 3,500, ದಿನಕ್ಕೆ ಸುಮಾರು ಹತ್ತು. ಅದೂ ಒಂದು ದಿನವೂ ರಜೆ ಇಲ್ಲದೆ. ಭಾನುವಾರವಂತೂ ಪಾದ್ರಿಗೆ ಬೇರೆಯೇ ಕೆಲಸ ಇರುತ್ತದೆ. ಒಂದೊಂದು ಪದಕ್ಕೂ ಅರ್ಥ ಹುಡುಕಬೇಕು, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರಿದ್ದಾರೆ ನೋಡಬೇಕು, ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ ಎಂದು ಬರೆಯಬೇಕು. ಆಮೇಲೆ ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಬೇಕು. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ನಾನು ಬರೆದ ಸಾರ್ಟಿಂಗ್ ಪ್ರೋಗ್ರಾಂ ಅಷ್ಟು ಪದಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸುತ್ತದೆ. ಅವರದ್ದು ಪೂರ್ತಿ ಕೈಕೆಲಸ.

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಏನಾಗುತ್ತಿತ್ತು?

ಬಾಸೆಲ್ ಮಿಷನ್ನಿನವರು ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಕಿಟೆಲ್ 1860ರಲ್ಲಿ ಪೌಲೀನ್ ಐತ್ ಎಂಬಾಕೆಯನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳಾದರು. ಮದುವೆಯಾಗಿ ನಾಲ್ಕೈದು ವರ್ಷಕ್ಕೇ ಪೌಲೀನ್ ತೀರಿಕೊಂಡರು. 1867ರಲ್ಲಿ ಕಿಟೆಲ್ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವುದು ನಮ್ಮ ಕಡೆಯೂ ಇದ್ದದ್ದೇ.

ಇನ್ನೊಂದು ಸಂಗತಿ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಿಷನ್ನಿನವರ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ, ಅವರನ್ನು ಯುರೋಪಿಗೆ ಕಳಿಸಬೇಕೆಂಬ ನಿಯಮ ಇತ್ತಂತೆ. ಇಲ್ಲಿನ ಹವೆ, ಕಾಯಿಲೆ, ಓದು ಎಂಬುದು ಕಾರಣ. ಬಾಸೆಲ್‌ನಲ್ಲಿ ಅದಕ್ಕೆಂದೇ ಮಕ್ಕಳ ಮನೆ ಇತ್ತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದರೆ ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ. ಕಾಗದ ಹೋಗಿ ಉತ್ತರ ಬರುವುದಕ್ಕೇ ತಿಂಗಳುಗಳು ಬೇಕು. ನಾನು ಫೋನಿನಲ್ಲಿ 'ಆಯ್ತು' ಎಂದು ಎರಡು ಸೆಕೆಂಡಿನಲ್ಲಿ ಮುಗಿಸುವ ಮಾತಿಗೆ ಆ ಮಕ್ಕಳು ಎಷ್ಟು ದಿನ ಕಾಯುತ್ತಿದ್ದರೋ.

1877ರಲ್ಲಿ ಕಿಟೆಲ್ ಜರ್ಮನಿಗೆ ಮರಳಿದರು. ಆದರೆ ನಿಘಂಟು ಅರ್ಧಕ್ಕೇ ನಿಂತಿತ್ತು. ಕನ್ನಡ ಮಾತನಾಡುವವರ ನಡುವೆ ಕೂರದೆ ಅದು ಮುಗಿಯುವಂತಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಇಲ್ಲಿಗೆ ಹೊರಟರು. ತಿರುಗಿ ಹೋದದ್ದು 1892ರಲ್ಲಿ.

ಒಂಬತ್ತು ವರ್ಷ.

ಜೂಲಿಯ ಮಕ್ಕಳಲ್ಲಿ ದೊಡ್ಡವರಿಗೂ 1883ರಲ್ಲಿ ಹದಿನಾರು ದಾಟಿರಲಿಕ್ಕಿಲ್ಲ. ಅಪ್ಪ ಬರುವ ಹೊತ್ತಿಗೆ ಅವರು ಬೆಳೆದು ದೊಡ್ಡವರಾಗಿದ್ದರು. ಅವರಿಗೂ ನನ್ನಂತೆ ಸಿಟ್ಟು ಇತ್ತೇ? ಒಂದು ಭಾಷೆಯ ಪದಗಳನ್ನೆಲ್ಲ ಹೆಕ್ಕಿದ ಅಪ್ಪನ ಜೊತೆ ಅವರಿಗೆ ಮಾತು ಸರಾಗವಾಗಿ ಬರುತ್ತಿತ್ತೇ?

ಎಲ್ಲರೂ ಹೀಗೆ ಮಾಡಿದರೆಂದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಅದೇ ಮಿಷನ್ನಿನವರು. ಅವರು ತೀರಿಹೋದ ಜೊತೆಗಾರನ ಹೆಂಡತಿಯನ್ನು ಮದುವೆಯಾಗಿ ಆಕೆಯ ಮಕ್ಕಳಿಗೂ ತಂದೆಯಾದರು. ಹೆಂಡತಿಯ ಕಾಯಿಲೆಯಿಂದಾಗಿ 1860ರಲ್ಲಿ ಜರ್ಮನಿಗೆ ಹೋದವರು ಮತ್ತೆ ಇಲ್ಲಿಗೆ ಬರಲಿಲ್ಲ. ಒಬ್ಬರು ಮನೆಗಾಗಿ ಕೆಲಸ ಬಿಟ್ಟರು, ಇನ್ನೊಬ್ಬರು ಕೆಲಸಕ್ಕಾಗಿ ಮನೆ ಬಿಟ್ಟರು. ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ವಯಸ್ಸು ನನ್ನದಲ್ಲ. ಕಿಟೆಲ್‌ಗೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣದ ಪುಸ್ತಕ ಹೊರಬಂದ 1903ರಲ್ಲೇ ಅವರು ತೀರಿಕೊಂಡರು. ಬೆಂಗಳೂರಿನ ಮೇಯೋ ಹಾಲ್ ಎದುರು ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಜೂಲಿಯ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಗಂಡ ಇಲ್ಲದ ಆ ಒಂಬತ್ತು ವರ್ಷ ಮಕ್ಕಳನ್ನು ನೋಡಿಕೊಂಡವರು ಅವರು. ಆ ನಿಘಂಟಿನಲ್ಲಿ ಅವರ ದುಡಿಮೆಯೂ ಇದೆ ಎಂದೇ ನನಗನ್ನಿಸುತ್ತದೆ.

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಧೈರ್ಯ ಮಾಡಿದೆ. ಅಪ್ಪ ಹಿತ್ತಲಲ್ಲಿ ಬಾಳೆ ಕಡಿಯುತ್ತಿದ್ದ.

"ಅಪ್ಪ, ಬೆಂಗಳೂರಲ್ಲಿ ಇರ್ಬೇಕಾದ್ರೆ ನಿಂಗೆ ನಮ್ಮ ನೆನಪು ಆಗ್ತಿತ್ತಾ?"

ಕತ್ತಿ ನಿಂತಿತು. "ಅದೆಂತ ಕೇಳೋದು ಪುಟ್ಟಿ ನೀನು?" ಎಂದವನು ಮತ್ತೆ ಕಡಿಯಲು ಶುರುಮಾಡಿದ. ನಾನು ಎದ್ದು ಒಳಗೆ ಬಂದೆ. ಕೇಳಬಾರದಿತ್ತು ಎನ್ನಿಸಿತು.

ರಾತ್ರಿ ಊಟವಾದ ಮೇಲೆ ಅಪ್ಪ ತನ್ನ ಟ್ರಂಕಿನಿಂದ ಒಂದು ಕೈಪುಸ್ತಕ ತಂದು ನನ್ನ ಮುಂದಿಟ್ಟು, "ಹೋಟೆಲ್ ಲೆಕ್ಕದ್ದು, ನೋಡು" ಎಂದು ಮಲಗಲು ಹೋದ. ಸಂಬಳ, ಅಡ್ವಾನ್ಸ್, ಮನೆಗೆ ಕಳಿಸಿದ ದುಡ್ಡು, ಬಸ್ ಚಾರ್ಜು. ಅಡಿಗೆರೆ ಎಳೆದ ಪುಟಗಳು. ನಡುನಡುವೆ ಫೋನ್ ಕರೆನ್ಸಿಯ ಲೆಕ್ಕ, ಅದರ ಪಕ್ಕದಲ್ಲಿ ಚಿಕ್ಕ ಅಕ್ಷರ. 'ಕರೆನ್ಸಿ 30. ಪುಟ್ಟಿಗೆ ಜ್ವರ.' 'ಕರೆನ್ಸಿ 10. ಜ್ವರ ಬಿಟ್ಟಿದೆ.' 'ಕರೆನ್ಸಿ 20. ಪುಟ್ಟಿ ಲೆಕ್ಕದಲ್ಲಿ 24.' ಒಂದು ಕಡೆ, 'ಸಣ್ಣವನು ಅಪ್ಪ ಅಂದ.' ಅದರ ಪಕ್ಕದಲ್ಲಿ ಎಷ್ಟು ರೂಪಾಯಿ ಎಂದು ಬರೆದಿರಲೇ ಇಲ್ಲ.

ಆ ಪುಸ್ತಕ ಓದಿ ನನ್ನ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಸ್ಕೂಲ್ ಡೇಯ ಆ ಖಾಲಿ ಕುರ್ಚಿ ಖಾಲಿಯೇ. ಆದರೆ ಅಲ್ಲಿ ಇಲ್ಲದವನು ಇನ್ನೆಲ್ಲೋ ನಮ್ಮ ಲೆಕ್ಕ ಬರೆಯುತ್ತಿದ್ದ ಎಂಬುದು ನನಗೆ ಗೊತ್ತಿರಲಿಲ್ಲ. ಕೇಳದೆ ಇದ್ದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿಗೆ ಕಂಪನಿಗಳು ಬರುತ್ತವೆ. ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ: ಕೆಲಸಕ್ಕಾಗಿ ಯಾವ ಊರಿಗಾದರೂ ಹೋಗಲು ಸಿದ್ಧರಿದ್ದೀರಾ? ಗೆಳತಿಯರೆಲ್ಲ ಯೋಚಿಸದೆ 'ಹೌದು' ಎಂದು ಗುರುತು ಹಾಕಿದರು. ನಾನೂ ಹಾಕಿದೆ. ತೋಟ ಇನ್ನೂ ಹಳದಿಯಾಗಿಯೇ ಇದೆ, ತಮ್ಮನ ಓದು ಬಾಕಿ ಇದೆ, ನಮಗೆ ಬೇರೆ ದಾರಿ ಇಲ್ಲ. ಆದರೆ ನಾನು ಸ್ವಲ್ಪ ಯೋಚಿಸಿಯೇ ಹಾಕಿದೆ.

ಅವತ್ತು ಸಂಜೆ ಮನೆಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದ.

"ಊಟ ಆಯ್ತಾ?"

"ಇಲ್ಲ ಅಪ್ಪ, ಇನ್ನೂ ಇಲ್ಲ. ಅಮ್ಮಂಗೆ ಆಮೇಲೆ ಕೊಡು. ನೀನು ಇವತ್ತು ಎಂತ ಮಾಡ್ದೆ, ಹೇಳು."

ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು, ಬೆಳಿಗ್ಗೆ ತೋಟಕ್ಕೆ ಹೋದದ್ದರಿಂದ ಶುರು ಮಾಡಿದ.