ಎರೆಮಣ್ಣೂ ಕಳ್ಳಿಗಿಡವೂ

ಲೋಳೆಸರ, ಪಾಪಾಸುಕಳ್ಳಿ ಮೊದಲಾದ ರಸಭರಿತ ಸಸ್ಯಗಳು ಬರಗಾಲಕ್ಕೂ ಅಂಜದವು. ಇಂಥ ಗಟ್ಟಿ ಜೀವಗಳು ಧಾರವಾಡ, ವಿಜಯಪುರ ಸೀಮೆಯ ಫಲವತ್ತಾದ ಎರೆಮಣ್ಣು ತುಂಬಿದ ಕುಂಡದಲ್ಲಿ ಒಂದೇ ಮಳೆಗಾಲಕ್ಕೆ ಕೊಳೆತುಹೋಗುವುದುಂಟು. ನೀರು ಹೆಚ್ಚಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ಬೇರನ್ನು ಕೊಲ್ಲುವುದು ಗಾಳಿಯ ಅಭಾವ.

ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು. ದಪ್ಪ ಮರಳಿನ ಕಣ ಅದರ ನೂರಾರು ಪಟ್ಟು ದೊಡ್ಡದು. ಕಣ ಸಣ್ಣದಾದಂತೆ ನಡುವಣ ಸಂದುಗಳೂ ಸಣ್ಣವಾಗಿ ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ಎರೆಮಣ್ಣಾದರೋ ನೆನೆದಾಗ ಉಬ್ಬಿ ಇದ್ದ ಸಂದುಗಳನ್ನೂ ಮುಚ್ಚುತ್ತದೆ. ಒಣಗಿದಾಗ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಬೇರೂ ಉಸಿರಾಡಬೇಕಷ್ಟೆ! ಸಂದುಗಳಲ್ಲೆಲ್ಲ ನೀರೇ ನಿಂತರೆ ಆಮ್ಲಜನಕ ಸಿಗದೆ ಬೇರು ಸೊರಗುತ್ತದೆ; ಕೊಳೆರೋಗದ ಶಿಲೀಂಧ್ರ ಅಲ್ಲಿ ಮನೆಮಾಡುತ್ತದೆ.

ಮಿಕ್ಕ ಗಿಡಗಳು ಕುಂಡದ ನೀರನ್ನು ಬೇಗ ಹೀರಿ ಎಲೆಗಳಿಂದ ಆವಿಯಾಗಿಸುತ್ತವೆ. ಇವು ಹಾಗಲ್ಲ. ಹಗಲು ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಡುತ್ತವೆ. ಇವುಗಳ ನೀರಿನ ಖರ್ಚು ತೀರ ಕಡಿಮೆ. ಆದ್ದರಿಂದ ಮಣ್ಣು ತಾನಾಗಿಯೇ ಬೇಗ ಬಸಿದು ಒಣಗಬೇಕು.

ಅದಕ್ಕೆಂದೇ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆಯ ಚೂರು, ಒಂದು ಹಿಡಿ ಹಳೆಯ ಗೊಬ್ಬರ ಬೆರೆಸುವುದು ಲೇಸು. ನುಣ್ಣನೆಯ ಮರಳು ಸಂದುಗಳನ್ನೇ ತುಂಬಿಬಿಡುವುದರಿಂದ ಅದು ಸಲ್ಲದು. ಕುಂಡದ ತಳಕ್ಕೆ ಕಲ್ಲು ಹಾಸಿ ಮೇಲೆ ಎರೆಮಣ್ಣು ತುಂಬಿದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ನೀರು ಸಣ್ಣ ಸಂದುಗಳಿಂದ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದೆ, ಕಲ್ಲಿನ ಮೇಲಣ ಮಣ್ಣಿನಲ್ಲಿಯೇ ನಿಲ್ಲುತ್ತದೆ. ಬೆರಕೆ ಮಣ್ಣು ಕುಂಡದ ತುಂಬ ಇರಬೇಕು, ತಳದಲ್ಲಿ ತೂತಿರಬೇಕು, ಬೆರಳಿಟ್ಟು ನೋಡಿ ಪೂರ್ತಿ ಒಣಗಿದ ಮೇಲೆಯೇ ನೀರೆರೆಯಬೇಕು.

ಹಾಗೆಂದು ಎರೆಮಣ್ಣು ಕೆಟ್ಟದ್ದೆನ್ನಲಾದೀತೆ? ಮಳೆ ನಿಂತ ಮೇಲೆ ಅದು ಹಿಡಿದಿಟ್ಟ ತೇವದಿಂದಲೇ ಹಿಂಗಾರಿ ಜೋಳ, ಕಡಲೆಗಳು ಬೆಳೆಯುತ್ತವೆ. ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನನ್ನು ಓದಿಸುತ್ತಿರುವುದು ಆ ಜೋಳದ ಹೊಲವೇ. ಕಳ್ಳಿಯನ್ನು ಕೊಳೆಸುವ ಗುಣವೇ ಜೋಳವನ್ನು ಸಲಹುತ್ತದೆ. ಎರೆಹೊಲಗಳ ಸೀಮೆಯಲ್ಲಿಯೂ ಕಳ್ಳಿ ಬೇಲಿಯಾಗಿ ಬಾಳುವುದು ನೀರು ಜಾರಿಹೋಗುವ ಬದುವಿನ ಮೇಲೆ. ಆದುದರಿಂದ ಮಣ್ಣನ್ನು ಒಳ್ಳೆಯದು, ಕೆಟ್ಟದ್ದು ಎಂದು ತೂಗುವ ಮೊದಲು, ಅದರಲ್ಲಿ ಏನು ಬೆಳೆಯಬೇಕೆಂದು ಕೇಳುವುದು ವಿಹಿತ.