ಹೆಸರಿದ್ದರೆ ಮಾತ್ರ ಮತ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದ ಕಾಲ. ಮನೆ ಮನೆಗೆ ಹೋದ ಸಿಬ್ಬಂದಿ ಬರೆದು ತಂದ ಹಾಳೆಗಳನ್ನು ತಿರುವಿ ಹಾಕಿದ ಅಧಿಕಾರಿಗಳಿಗೆ ಒಂದು ವಿಚಿತ್ರ ಕಾಣಿಸಿತು. ಲಕ್ಷಾಂತರ ಹೆಂಗಸರಿಗೆ ಹೆಸರೇ ಇರಲಿಲ್ಲ! ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಅಲ್ಲಿ ದಾಖಲಾಗಿತ್ತು.

ನಮ್ಮ ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರು ಹೇಳಲು ನಾಚುವ ಹೆಂಗಸರು ಒಡಪು ಕಟ್ಟಿ ಹೇಳುವುದುಂಟು. ಆದರೆ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳ ಈ ಹೆಂಗಸರು ಹೊರಗಿನವರ ಮುಂದೆ ತಮ್ಮ ಹೆಸರನ್ನೇ ಹೇಳುತ್ತಿರಲಿಲ್ಲ. ಅವರಿಗೆ ವಯಸ್ಸಾಗಿತ್ತು, ಅವರು ಈ ದೇಶದ ಪ್ರಜೆಗಳಾಗಿದ್ದರು, ಊರಲ್ಲೇ ವಾಸವಿದ್ದರು. ಯಾವ ಅರ್ಹತೆಯೂ ಕಡಿಮೆ ಇರಲಿಲ್ಲ. ಆದರೆ ಹೆಸರಿಲ್ಲದವರನ್ನು ಮತದಾರರೆಂದು ಒಪ್ಪಲು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಸಿದ್ಧರಿರಲಿಲ್ಲ. ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ಕೈಬಿಡಲು ಅವರು ಸೂಚಿಸಿದರು. ಹೀಗೆ ಸುಮಾರು 28 ಲಕ್ಷ ಮಹಿಳೆಯರು 1951-52ರ ಚುನಾವಣೆಯಲ್ಲಿ ಮತ ಹಾಕದೆ ಉಳಿದರು.

ಸೇನ್ ಅವರ ಕಠಿಣ ನಿಲುವು ಸರಿಯೋ ತಪ್ಪೋ, ಚರ್ಚೆ ಮಾಡಬಹುದು. ಆದರೆ ಆ ಪ್ರಸಂಗ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಮತ ಹಾಕುವ ಅರ್ಹತೆ ಇರುವುದು ಬೇರೆ, ಮತ ಹಾಕಲು ಸಾಧ್ಯವಾಗುವುದು ಬೇರೆ. ಇವೆರಡರ ನಡುವೆ ಒಂದು ಪಟ್ಟಿ ಇದೆ.

ಕಂದಾಯ ಕಟ್ಟಿದವನೇ ಮತದಾರ

ಎಲ್ಲರಿಗೂ ಮತ ಎಂಬುದು ನಮ್ಮಲ್ಲಿ ಹಳೆಯ ಸಂಗತಿಯೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ದಸರೆಗೆ ಬಂದು ಸೇರಿದ ‘ಪ್ರಜೆಗಳು’ ಊರಿನ ಜಮೀನ್ದಾರರು, ವರ್ತಕರು. ಮುಂದೆ ಚುನಾವಣೆ ಬಂದಾಗಲೂ ಆಸ್ತಿ ಮತ್ತು ವಿದ್ಯೆಯೇ ಅಳತೆಗೋಲು. ಬ್ರಿಟಿಷ್ ಇಂಡಿಯಾದಲ್ಲೂ ಅಷ್ಟೇ. 1935ರ ಕಾಯಿದೆಯ ಪ್ರಕಾರ ಭೂಕಂದಾಯ ಕಟ್ಟುವವರು, ಆದಾಯ ತೆರಿಗೆ ಕೊಡುವವರು, ಇಂತಿಷ್ಟು ಓದಿದವರು, ಹೀಗೆ ಆಯ್ದ ಮೂರು ಕೋಟಿ ಚಿಲ್ಲರೆ ಜನರಿಗೆ ಮಾತ್ರ ಪ್ರಾಂತೀಯ ಶಾಸನಸಭೆಗಳಿಗೆ ಮತ ಹಾಕುವ ಹಕ್ಕಿತ್ತು. ಆಸ್ತಿ ಇದ್ದ ಗಂಡನ ಹೆಂಡತಿ ಎಂಬ ಕಾರಣಕ್ಕೆ ಕೆಲವು ಹೆಂಗಸರಿಗೆ ಮತ ಸಿಕ್ಕಿತು. ಆಳು, ಕೂಲಿ, ಗೇಣಿದಾರ, ಅಕ್ಷರ ಬಾರದವರು ಹೊರಗೇ ಉಳಿದರು.

ಈ ಬೇಲಿಯನ್ನು ಕಿತ್ತೊಗೆಯಬೇಕೆಂಬ ಕೂಗು ಬಹಳ ಹಿಂದೆಯೇ ಎದ್ದಿತ್ತು. 1928ರ ನೆಹರೂ ವರದಿ ವಯಸ್ಕ ಮತಾಧಿಕಾರ ಕೇಳಿತು. ಅದೇ ವರ್ಷ ಸೈಮನ್ ಆಯೋಗದ ಮುಂದೆ ಡಾ. ಅಂಬೇಡ್ಕರ್ ಅವರೂ ಅದನ್ನೇ ಕೇಳಿದರು. ಓದು ಬರಹ ಬಾರದವರಿಗೆ ಮತ ಕೊಟ್ಟರೆ ದೇಶದ ಗತಿಯೇನು ಎಂದು ತಿಳಿದವರೇ ಹುಬ್ಬೇರಿಸುತ್ತಿದ್ದ ಕಾಲವದು. ಕೊನೆಗೆ ಸಂವಿಧಾನದ 326ನೇ ವಿಧಿ ಬಂತು. ಆಸ್ತಿಯ ಮಾತಿಲ್ಲ, ವಿದ್ಯೆಯ ಮಾತಿಲ್ಲ, ಜಾತಿ, ಲಿಂಗಗಳ ಮಾತಿಲ್ಲ. ಪ್ರಜೆಯಾಗಿರಬೇಕು, ವಯಸ್ಸಾಗಿರಬೇಕು, ಕಾನೂನು ಹೆಸರಿಸುವ ಕೆಲವೇ ಅನರ್ಹತೆಗಳು ಇರಬಾರದು. ಅಷ್ಟೇ.

ಪಟ್ಟಿಯೇ ಮೊದಲು, ಸಂವಿಧಾನ ಆಮೇಲೆ

ಕುತೂಹಲದ ಸಂಗತಿ ಎಂದರೆ, ಸಂವಿಧಾನ ಜಾರಿಗೆ ಬರುವ ಮೊದಲೇ ಮತದಾರರ ಪಟ್ಟಿಯ ಕೆಲಸ ಶುರುವಾಗಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್. ಅವರ ಮಾರ್ಗದರ್ಶನದಲ್ಲಿ 1948ರಲ್ಲೇ ಸಭೆಯ ಸಚಿವಾಲಯ ಪಟ್ಟಿಯ ಕೆಲಸಕ್ಕೆ ಕೈ ಹಾಕಿತು. ಪಟ್ಟಿ ಸೇರಬೇಕಾದರೆ ಊರಿನಲ್ಲಿ ಕನಿಷ್ಠ 180 ದಿನ ವಾಸವಿರಬೇಕು ಎಂಬುದು ಆಗಿನ ನಿಯಮ.

ಆದರೆ ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರ ಗತಿ? ಶಿಬಿರಗಳಲ್ಲಿ ಬಿದ್ದಿದ್ದವರು 180 ದಿನದ ಲೆಕ್ಕ ಎಲ್ಲಿಂದ ತರಬೇಕು? ಅವರಿಂದ ಪತ್ರಗಳು ಬಂದವು. ಸಚಿವಾಲಯ ನಿಯಮವನ್ನೇ ಸಡಿಲಿಸಿತು. ‘ಈ ಊರಿನಲ್ಲೇ ಕಾಯಂ ಆಗಿ ನೆಲೆಸುತ್ತೇನೆ’ ಎಂದು ಹೇಳಿಕೆ ಕೊಟ್ಟರೆ ಸಾಕು, ಎಷ್ಟು ದಿನದಿಂದ ಇದ್ದೀರಿ ಎಂದು ಕೇಳದೆ ಹೆಸರು ಬರೆದುಕೊಳ್ಳಿ ಎಂಬ ಆದೇಶ ಹೊರಟಿತು.

ಹೀಗೆ ಸುಮಾರು 17 ಕೋಟಿ ಜನರ ಪಟ್ಟಿ ತಯಾರಾಯಿತು. ಹೆಸರಿಲ್ಲದ 28 ಲಕ್ಷ ಹೆಂಗಸರು ಹೊರಗುಳಿದದ್ದೂ ಇದೇ ಪಟ್ಟಿಯಿಂದ, ಕಾಗದವಿಲ್ಲದ ನಿರಾಶ್ರಿತರು ಒಳಗೆ ಬಂದದ್ದೂ ಇದೇ ಪಟ್ಟಿಗೆ. ನಿಯಮವನ್ನು ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಬೆನ್ನು ಬಿಟ್ಟಿಲ್ಲ.

ಇಂದು ಯಾರು ಅರ್ಹರು?

ಮೊದಲು ಮತದಾನದ ವಯಸ್ಸು 21 ಇತ್ತು. 61ನೇ ತಿದ್ದುಪಡಿಯ ಮೂಲಕ 1989ರ ಮಾರ್ಚ್‌ನಲ್ಲಿ ಅದು 18ಕ್ಕೆ ಇಳಿಯಿತು. ಆದರೆ ಹದಿನೆಂಟು ಯಾವ ದಿನಕ್ಕೆ ತುಂಬಿರಬೇಕು? ಬಹಳ ವರ್ಷ ಜನವರಿ 1 ಒಂದೇ ಲೆಕ್ಕದ ದಿನವಾಗಿತ್ತು. ಜನವರಿ 2ರಂದು ಹುಟ್ಟಿದವರು ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕಿತ್ತು! 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು, ಹೀಗೆ ವರ್ಷಕ್ಕೆ ನಾಲ್ಕು ಲೆಕ್ಕದ ದಿನಗಳಿವೆ.

1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಮೂವರನ್ನು ಪಟ್ಟಿಯಿಂದ ದೂರ ಇಡುತ್ತದೆ: ಭಾರತದ ಪ್ರಜೆಯಲ್ಲದವರು, ಮಾನಸಿಕ ಅಸ್ವಸ್ಥರೆಂದು ಸಕ್ಷಮ ನ್ಯಾಯಾಲಯ ಘೋಷಿಸಿದವರು, ಚುನಾವಣಾ ಭ್ರಷ್ಟಾಚಾರ, ಅಪರಾಧಗಳ ಕಾನೂನಿನ ಪ್ರಕಾರ ಮತದಾನದಿಂದ ಅನರ್ಹರಾದವರು. ಎರಡನೆಯದನ್ನು ಗಮನಿಸಿ. ನ್ಯಾಯಾಲಯ ಘೋಷಿಸಿರಬೇಕು. ನೆರೆಹೊರೆಯವರು ‘ಅವನಿಗೆ ತಲೆ ಸರಿಯಿಲ್ಲ’ ಎಂದ ಮಾತ್ರಕ್ಕೆ ಯಾರ ಮತವೂ ಹೋಗುವುದಿಲ್ಲ.

ಅದೇ 2021ರ ತಿದ್ದುಪಡಿ ಇನ್ನೊಂದು ಪದವನ್ನೂ ಬದಲಿಸಿತು. ಸೈನಿಕನ ‘ಹೆಂಡತಿ’ ಅವನ ಜೊತೆ ಸೇವಾ ಮತದಾರಳಾಗಿ ಹೆಸರು ಬರೆಸಬಹುದಿತ್ತು. ಆದರೆ ಸೇನೆಯಲ್ಲಿರುವ ಹೆಣ್ಣಿನ ಗಂಡನಿಗೆ ಆ ಅವಕಾಶವಿರಲಿಲ್ಲ. ಈಗ ಕಾಯಿದೆಯಲ್ಲಿ ‘ಹೆಂಡತಿ’ ಇರುವ ಜಾಗದಲ್ಲಿ ‘ಸಂಗಾತಿ’ ಎಂಬ ಅರ್ಥದ ಪದ ಬಂದಿದೆ.

ವಾಸ ಎಲ್ಲಿ?

ತೊಡಕು ಹೆಚ್ಚಾಗಿರುವುದು ‘ಸಾಮಾನ್ಯ ವಾಸ’ ಎಂಬ ಎರಡು ಪದಗಳಲ್ಲಿ. ಒಂದೂರಿನಲ್ಲಿ ಮನೆಯಿದೆ, ಜಮೀನಿದೆ ಎಂದ ಮಾತ್ರಕ್ಕೆ ಅಲ್ಲಿ ಮತವಿಲ್ಲ, ವಾಸ ಇರಬೇಕು. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸ ತಪ್ಪಿತೆಂದೂ ಅಲ್ಲ. ಕಾನೂನು ಎರಡನ್ನೂ ಹೇಳುತ್ತದೆ.

ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬವನ್ನೇ ನೆನೆಯಿರಿ. ಕಟ್ಟಡದ ಕೆಲಸ ಮುಗಿದಂತೆ ಅವರ ಶೆಡ್ಡೂ ಬದಲಾಗುತ್ತದೆ. ಊರಲ್ಲಿ ಪಟ್ಟಿಯವರು ಬಂದಾಗ ಬಾಗಿಲಿಗೆ ಬೀಗ. ಬೆಂಗಳೂರಿನಲ್ಲಿ ವಿಳಾಸದ ಪುರಾವೆ ಇಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಉಳಿದರೂ ಮತದ ದಿನ ಬಸ್ ಚಾರ್ಜು ಕೊಟ್ಟು, ಎರಡು ದಿನದ ಕೂಲಿ ಬಿಟ್ಟು ಹೋಗಬೇಕು. ಇಂಥವರು ಇರುವಲ್ಲಿಂದಲೇ ಮತ ಹಾಕಲೆಂದು ಚುನಾವಣಾ ಆಯೋಗ 2023ರ ಜನವರಿಯಲ್ಲಿ ದೂರಮತದಾನ ಯಂತ್ರದ ಮಾದರಿಯೊಂದನ್ನು ಪಕ್ಷಗಳ ಮುಂದಿಟ್ಟಿತು. ಪಕ್ಷಗಳಿಂದ ಆಕ್ಷೇಪ ಬಂದು ಅದು ಅಲ್ಲೇ ನಿಂತಿತು. ಪರದೇಶದಲ್ಲಿರುವ ಭಾರತೀಯರಿಗೆ 2010ರ ತಿದ್ದುಪಡಿ ಮತದ ಹಕ್ಕು ಕೊಟ್ಟಿತು. ಆದರೆ ಅವರೂ ವಿಮಾನ ಹತ್ತಿ ಊರಿನ ಮತಗಟ್ಟೆಗೆ ಬರಬೇಕು. ದುಬೈಯಲ್ಲಿರುವ ಮಂಗಳೂರಿನವರಿಗೂ ಯಲಹಂಕದ ಗಾರೆ ಕೆಲಸದವರಿಗೂ ಇಲ್ಲಿ ಕಷ್ಟ ಒಂದೇ, ಟಿಕೆಟ್ ದರ ಮಾತ್ರ ಬೇರೆ.

ಕಂಬಿಯ ಹಿಂದೆ

ಪಟ್ಟಿಯಲ್ಲಿ ಹೆಸರಿದ್ದರೂ ಮತ ಹಾಕಲಾಗದವರು ಇದ್ದಾರೆ. 1951ರ ಕಾಯಿದೆಯ 62(5)ನೇ ಕಲಮಿನ ಪ್ರಕಾರ ಜೈಲಿನಲ್ಲಿ ಅಥವಾ ಪೊಲೀಸ್ ವಶದಲ್ಲಿ ಇರುವವರು ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ಇದರಿಂದ ವಿನಾಯಿತಿ. ಸುಪ್ರೀಂ ಕೋರ್ಟ್ 1997ರಲ್ಲಿ ಈ ಕಲಮನ್ನು ಎತ್ತಿಹಿಡಿಯಿತು.

ಶಿಕ್ಷೆಯಾದವರ ಮಾತು ಬಿಡಿ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅದೇ ಆರೋಪ ಹೊತ್ತವನು ಜಾಮೀನಿನ ಹಣ ಹೊಂದಿಸಿ ಹೊರಬಂದರೆ ಮತ ಹಾಕುತ್ತಾನೆ. ಹೊಂದಿಸಲಾಗದವನು ಒಳಗೇ ಕೂರುತ್ತಾನೆ. ಇನ್ನೂ ಸೋಜಿಗವೆಂದರೆ 2013ರ ತಿದ್ದುಪಡಿಯ ಪ್ರಕಾರ ವಿಚಾರಣಾಧೀನ ಕೈದಿ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದು, ಗೆಲ್ಲಲೂಬಹುದು. ತನಗೆ ತಾನೇ ಮತ ಹಾಕಿಕೊಳ್ಳಲಾರ! ಆಸ್ತಿಯ ಅಳತೆಗೋಲನ್ನು ಮುಂಬಾಗಿಲಿನಿಂದ ಓಡಿಸಿದ ನಾವು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡೆವೇ ಎಂಬ ಅನುಮಾನ ಬಾರದಿರದು.

ಹೆಸರು ಹೋಗುವ ಬಗೆ

ಪಟ್ಟಿ ಶುದ್ಧವಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಸತ್ತವರ ಹೆಸರು, ಎರಡು ಕಡೆ ಇರುವ ಹೆಸರು ತೆಗೆಯಲೇಬೇಕು. ಆದರೆ ಕಳೆ ಕೀಳುವಾಗ ಪೈರೂ ಕಿತ್ತು ಬರುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಎಂದು 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಬರೀ 24! ಉಳಿದ 5,994 ತಿರಸ್ಕೃತವಾಗಿ, ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಮನೆಗೆ ಹೋಗಿ ನೋಡದಿದ್ದರೆ ಅಷ್ಟೂ ಜನರ ಮತ ಅವರಿಗೇ ಗೊತ್ತಿಲ್ಲದಂತೆ ಮಾಯವಾಗುತ್ತಿತ್ತು.

2025ರಲ್ಲಿ ಬಿಹಾರದಲ್ಲಿ ವಿಶೇಷ ಪರಿಷ್ಕರಣೆ ನಡೆದಾಗ ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರೋ, ಊರು ಬಿಟ್ಟವರೋ, ಎರಡು ಕಡೆ ಇದ್ದವರೋ ಎಂಬುದನ್ನು ಕಾರಣ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಆಯೋಗ ಮತ್ತು ಅದರ ಟೀಕಾಕಾರರ ವಾದ ಏನೇ ಇರಲಿ, ಹೆಸರು ಹೋದವರಿಗೆ ಯಾಕೆ ಹೋಯಿತೆಂದು ತಿಳಿಯುವ ಹಕ್ಕಿದೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಆರೋಪ, ಆದೇಶ ಯಾವುದೂ ಇಲ್ಲದೆ ಹೆಸರು ಹೋಗುವುದೂ ಉಂಟು. ಮದುವೆಯಾದ ಹುಡುಗಿಯ ಹೆಸರನ್ನು ತವರಿನ ಪಟ್ಟಿಯಿಂದ ‘ಇಲ್ಲಿಲ್ಲ’ ಎಂದು ತೆಗೆಯುತ್ತಾರೆ. ಗಂಡನ ಮನೆಯಲ್ಲಿ ಬರೆಸಲು ಯಾರಿಗೂ ನೆನಪಾಗುವುದಿಲ್ಲ. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಇರುವ ಆತುರ ಮತದಾರರ ಪಟ್ಟಿಗೆ ಇಲ್ಲ. 1951ರಲ್ಲಿ ಹೆಸರು ಹೇಳದೆ ಉಳಿದ ಹೆಂಗಸರ ಮೊಮ್ಮಕ್ಕಳು ಹೆಸರಿದ್ದೂ ಹೀಗೆ ಹೊರಗುಳಿಯಬಾರದು.

ನೀವು ಮಾಡಬಹುದಾದದ್ದು

ಕೈಯಲ್ಲಿ ಗುರುತಿನ ಚೀಟಿ ಇದ್ದರೆ ಸಾಕೆಂದು ಅನೇಕರು ನಂಬಿದ್ದಾರೆ. ಸಾಲದು. ಚೀಟಿ ನೀವು ಯಾರೆಂದು ಹೇಳುತ್ತದೆ, ಮತ ಕೊಡುವುದು ಪಟ್ಟಿ. ಆದ್ದರಿಂದ ಚುನಾವಣೆ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರು ನೋಡಿಕೊಳ್ಳಿ. ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7. ವಿಚಾರಿಸಲು ದೂರವಾಣಿ 1950. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಮತದ ದಿನ ಮತಗಟ್ಟೆ ಅಧಿಕಾರಿಯ ಮೇಲೆ ರೇಗಿ ಫಲವಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದರೆ ಮಾತ್ರ ಸುಮ್ಮನೆ ಹಿಂತಿರುಗಬೇಡಿ. ನೀವೇ ಆ ಮತದಾರರೆಂದು ರುಜುವಾದರೆ ಪ್ರತ್ಯೇಕ ಮತಪತ್ರ ಕೇಳಿ ಪಡೆಯಬಹುದು.

ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದಲೂ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ. ಆ ಶಾಯಿ ನಿಮ್ಮ ಬೆರಳಿಗೂ, ನಿಮ್ಮ ಮನೆಗೆ ಬಂದ ಸೊಸೆಯ ಬೆರಳಿಗೂ, ಪಕ್ಕದ ಶೆಡ್ಡಿನ ಕೂಲಿಯವರ ಬೆರಳಿಗೂ ತಾಗಬೇಕಾದರೆ ಮೂವರ ಹೆಸರೂ ಎಲ್ಲಿದೆಯೆಂದು ಈ ವಾರವೇ ನೋಡುವುದು ಒಳ್ಳೆಯದು.