ಮಗುವಿನ ಕೈಗೆ ಬಳಪ ಬರುವ ಮುನ್ನ

ವಿಜಯದಶಮಿಯ ದಿನ ನಮ್ಮ ಅನೇಕ ಮನೆಗಳಲ್ಲಿ ಅಕ್ಷರಾಭ್ಯಾಸವು ನಡೆಯುತ್ತದೆ. ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳನ್ನು ಹಿಡಿದು ಹಿರಿಯರು ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ಮಗುವಿಗಾದರೋ ಅಕ್ಷರಕ್ಕಿಂತ ಬೆರಳಿನ ಕೆಳಗೆ ಜಾರುವ ಅಕ್ಕಿಯ ಮೇಲೆಯೇ ಆಸೆ. ಶಾಸ್ತ್ರವು ಮುಗಿಯುತ್ತಲೂ ಅದು ಎರಡು ಕೈಗಳನ್ನೂ ಹರಿವಾಣಕ್ಕೆ ಹಾಕಿ ಬಾಚತೊಡಗುತ್ತದೆ. ನಾವು ನಕ್ಕು ಹರಿವಾಣವನ್ನು ತೆಗೆದಿಡುತ್ತೇವೆ. ಮಾರನೆಯ ದಿನ ಸ್ಲೇಟನ್ನೂ ಬಳಪವನ್ನೂ ತರುತ್ತೇವೆ. ಹರಿವಾಣವನ್ನು ಅಷ್ಟು ಬೇಗ ತೆಗೆದಿಟ್ಟುದು ಸರಿಯೇ ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದವನು. ನನ್ನ ಹಿರಿಯ ಮಗಳಿಗೆ ಮೂರೂವರೆ ವರ್ಷವಾಗಿದ್ದಾಗ, ಕಾಲೇಜಿನಿಂದ ಬಂದು ದಿನವೂ ಸಂಜೆ ಅವಳನ್ನು ಕೂರಿಸಿಕೊಂಡು ಬರೆಯಿಸುತ್ತಿದ್ದೆ. ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಬರೆ ಎನ್ನುತ್ತಿದ್ದೆ. ತಿಂಗಳು ತುಂಬುವುದರೊಳಗೆ ನನ್ನ ಹೆಜ್ಜೆಯ ಸದ್ದು ಕೇಳುತ್ತಲೇ ಅವಳು ಸ್ಲೇಟನ್ನು ಅಕ್ಕಿಯ ಡಬ್ಬದ ಹಿಂದೆ ಬಚ್ಚಿಡತೊಡಗಿದಳು. ಇದನ್ನು ನೋಡಿದ ನನ್ನ ತಾಯಿಯವರು ಒಂದು ದಿನ, 'ಏನಪ್ಪಾ, ಅವಳಿಗೆ ಇನ್ನೂ ಲಂಗದ ಲಾಡಿ ಕಟ್ಟಿಕೊಳ್ಳೋಕೆ ಬರೋಲ್ಲ. ಅಕ್ಷರ ದುಂಡಗೆ ಬರಲಿ ಅಂತೀಯಲ್ಲ!' ಎಂದರು. ಆ ಮಾತಿನಲ್ಲಿದ್ದ ಸತ್ಯವು ನನಗೆ ಪೂರ್ತಿಯಾಗಿ ತಿಳಿದುದು ಆಮೇಲೆ.

ಬರೆಯುವುದೆಂಬುದು ಒಂದು ಕೆಲಸವಲ್ಲ, ಮೂರು. ಬಳಪವನ್ನು ಹಿಡಿದು, ಬೇಕಾದ ಕಡೆಗೆ, ಬೇಕಾದಷ್ಟೇ ಒತ್ತಿ ನಡೆಯಿಸುವುದು ಮೊದಲನೆಯದು. ಅಕ್ಷರದ ಆಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಎರಡನೆಯದು. ಆ ಆಕಾರಕ್ಕೂ ಬಾಯಿಂದ ಹೊರಡುವ ಧ್ವನಿಗೂ ಇರುವ ಸಂಬಂಧವನ್ನು ಅರಿಯುವುದು ಮೂರನೆಯದು. ದೊಡ್ಡವರಾದ ನಮ್ಮಲ್ಲಿ ಇವು ಮೂರೂ ಬೆರೆತುಹೋಗಿರುವುದರಿಂದ, ಇವು ಬೇರೆ ಬೇರೆ ಎಂಬುದೇ ನಮಗೆ ಮರೆತಿದೆ. ಮೂರನ್ನೂ ಒಂದೇ ಕ್ಷಣದಲ್ಲಿ ಮಾಡೆಂದು ಮಗುವನ್ನು ಬಲಾತ್ಕರಿಸಿದರೆ ಒಂದರ ತೊಡಕು ಉಳಿದೆರಡನ್ನೂ ಕೆಡಿಸುತ್ತದೆ. 'ಅ' ಅಕ್ಷರವನ್ನು ಚೆನ್ನಾಗಿ ಗುರುತಿಸಬಲ್ಲ ಮಗುವೂ, ಕೈ ಸಾಗದ ಕಾರಣದಿಂದ, ತನಗೆ ವಿದ್ಯೆಯೇ ಬಾರದೆಂದು ತಿಳಿದುಕೊಳ್ಳುತ್ತದೆ.

ಕೈಯ ಸ್ಥಿತಿಯನ್ನಾದರೂ ನೋಡೋಣ. ನಮ್ಮ ಮಣಿಕಟ್ಟಿನಲ್ಲಿ ೮ ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಇವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಕಡೆಯದು ಗಟ್ಟಿಯಾಗತೊಡಗುವುದು ಸುಮಾರು ೮ರಿಂದ ೧೨ ವರ್ಷಗಳ ನಡುವೆ. ಇದಕ್ಕಿಂತಲೂ ಮುಖ್ಯವಾದುದು ನರಗಳ ಹತೋಟಿ. ಈ ಹತೋಟಿಯು ಮೊದಲು ಭುಜಕ್ಕೆ, ಅನಂತರ ಮೊಳಕೈಗೆ, ಆಮೇಲೆ ಮಣಿಕಟ್ಟಿಗೆ, ಎಲ್ಲಕ್ಕೂ ಕಡೆಯಲ್ಲಿ ಬೆರಳ ತುದಿಗೆ ಇಳಿದು ಬರುತ್ತದೆ. ಮೂರು ವರ್ಷದ ಮಗುವು ಗೋಡೆಯ ತುಂಬ ದೊಡ್ಡ ದೊಡ್ಡ ಸುತ್ತುಗಳನ್ನು ಗೀಚುವುದು ತುಂಟತನವೆಂದು ನಾವು ಗದರಿಸುತ್ತೇವೆ. ಆದರೆ ಅದು ತನ್ನ ಭುಜಕ್ಕೆ ಪಾಠ ಹೇಳುತ್ತಿದೆ.

ಈ ತತ್ತ್ವವನ್ನು ಶಾಲೆಯೊಳಕ್ಕೆ ತಂದವರಲ್ಲಿ ಇಟಲಿಯ ಮರಿಯಾ ಮಾಂಟೆಸ್ಸೋರಿಯವರು ಪ್ರಮುಖರು. ಅವರು ವೈದ್ಯರು. ೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ ಅವರ ಮೊದಲನೆಯ ಮಕ್ಕಳ ಮನೆಯು ತೆರೆಯಿತು. ಅಲ್ಲಿ ಮಕ್ಕಳ ಕೈಗೆ ಲೇಖನಿಯನ್ನು ಕೊಡಲು ಅವರು ಅವಸರಪಡಲಿಲ್ಲ. ಗುಂಡಿ ಹಾಕುವುದು, ನೀರು ಬಗ್ಗಿಸುವುದು, ಹಿಡಿಯುಳ್ಳ ಮರದ ಉರುಳೆಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವುದು, ಇವುಗಳಿಂದ ಬೆರಳುಗಳು ಪಳಗಿದುವು. ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಅದರ ಧ್ವನಿಯನ್ನು ಉಚ್ಚರಿಸಿ, ಮಕ್ಕಳು ಆಕಾರವನ್ನು ಸ್ಪರ್ಶದಿಂದ ಅರಿತುಕೊಂಡರು. ಒಂದು ದಿನ ಬಿಸಿಲುಮಚ್ಚಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದ ೫ ವರ್ಷದ ಬಾಲಕನೊಬ್ಬನು, ತನಗೆ ಬರೆಯಲು ಬರುತ್ತದೆಂದು ಇದ್ದಕ್ಕಿದ್ದಂತೆ ಕೂಗಿ, ನೆಲದ ಮೇಲೆ ಒಂದು ಮಾತನ್ನು ಬರೆದನಂತೆ. ಆ ಮಾತಿನ ಅರ್ಥ 'ಕೈ' ಎಂದು. ಈ ಸಂಗತಿಯನ್ನು ಮಾಂಟೆಸ್ಸೋರಿಯವರೇ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ೧೯೩೯ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು, ಯುದ್ಧದ ಕಾಲವನ್ನು ನಮ್ಮ ದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರಿಗೆ ಶಿಕ್ಷಣವನ್ನು ಕೊಟ್ಟರು.

ಇದು ನಮಗೆ ತೀರ ಹೊಸದಲ್ಲ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದರು. ಅಲ್ಲಿಯ ಬೆತ್ತವನ್ನು ನಾನು ಹೊಗಳಲಾರೆ. ಮರಳನ್ನು ಮಾತ್ರ ಹೊಗಳಬಲ್ಲೆ. ಮರಳಿನಲ್ಲಿ ತಪ್ಪಾದರೆ ಅಂಗೈಯಿಂದ ಸವರಿದರಾಯಿತು. ಗುರುತೂ ಉಳಿಯದು, ಅವಮಾನವೂ ಉಳಿಯದು.

ಅಕ್ಷರಗಳ ಕ್ರಮದಲ್ಲಿಯೂ ವಿಚಾರವುಂಟು. ವರ್ಣಮಾಲೆಯು ಉಚ್ಚಾರಣೆಯ ಕ್ರಮವನ್ನು ಅನುಸರಿಸಿದೆ. ಕೈಗೆ ಯಾವುದು ಸುಲಭವೆಂಬುದನ್ನಲ್ಲ. ಸ್ವರಗಳಲ್ಲಿ ಮೂರನೆಯದಾದ 'ಇ' ಎಳೆಯ ಕೈಗೆ ಎಷ್ಟು ಕಷ್ಟವೆಂಬುದನ್ನು ತಾಯಂದಿರು ಬಲ್ಲರು. ಆದುದರಿಂದಲೇ ನಮ್ಮ ಪ್ರಾಂತದ ಒಂದನೆಯ ತರಗತಿಯ ಪಾಠವು ರ, ಗ, ಸ, ದ, ಅ ಎಂದು ಮೊದಲಾಗುವ ಕ್ರಮವನ್ನು ಹಿಡಿಯಿತು. ಇವು ಬರೆಯಲು ಸುಲಭ. ಅಲ್ಲದೆ ಐದೇ ಅಕ್ಷರಗಳಿಂದ ಸರ, ರಸ, ಅರಸ, ಸರಸ ಎಂಬ ಮಾತುಗಳು ಹುಟ್ಟುತ್ತವೆ. ಕಲಿತ ವಾರದಲ್ಲಿಯೇ ಅರ್ಥವುಳ್ಳ ಮಾತನ್ನು ಓದಿದ ಮಗುವಿಗೆ ಓದು ಏತಕ್ಕೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಬೆಲೆಯ ಆಟದ ಸಾಮಾನೇನೂ ಬೇಡ. ಅವರೆಕಾಯಿಯನ್ನು ಸುಲಿಯಲಿ, ನೆನೆದ ಕಾಳನ್ನು ಹಿತುಕಲಿ. ಹಿತುಕುವ ಹೆಬ್ಬೆರಳು ತೋರುಬೆರಳುಗಳೇ ನಾಳೆ ಬಳಪವನ್ನು ಹಿಡಿಯತಕ್ಕವು. ಚಪಾತಿಯ ಹಿಟ್ಟಿನ ಚೂರನ್ನು ನಾದಲಿ, ರಂಗೋಲಿಯ ಚುಕ್ಕಿಗಳನ್ನು ಸೇರಿಸಲಿ. ಊಟಕ್ಕೆ ಮುಂಚೆ ತಲೆಗೊಂದರಂತೆ ತಟ್ಟೆಯನ್ನಿಡಲಿ. ಒಂದಕ್ಕೊಂದು ಸರಿಹೊಂದಿಸುವುದೇ ಗಣಿತದ ಮೊದಲ ಪಾಠ. ಅಳಗುಳಿಮಣೆಯಲ್ಲಿ ಕುಳಿಗೊಂದರಂತೆ ಹುಣಿಸೆಬೀಜವನ್ನು ಬಿಡುವ ಮಗುವು ಎಣಿಕೆಯನ್ನು ಬಾಯಿಪಾಠದಿಂದಲ್ಲ, ಕೈಯಿಂದ ಕಲಿಯುತ್ತದೆ. ರಾತ್ರಿ ಒಂದು ಕಥೆಯನ್ನು ಹೇಳಿ. ಕೇಳಿದ ಮಾತೇ ಮುಂದೆ ಓದುವ ಮಾತು. ಎಡಗೈ ಮುಂದಾಗುವ ಮಗುವನ್ನು ಬಲಗೈಗೆ ಒತ್ತಾಯಿಸಲೇ ಕೂಡದು.

'ಪಕ್ಕದ ಮನೆಯ ಮಗು ಆಗಲೇ ಪುಟಗಟ್ಟಲೆ ಬರೆಯುತ್ತದಲ್ಲ. ನಮ್ಮದು ಹಿಂದೆ ಬಿದ್ದರೆ?' ಎಂದು ನೀವು ಕೇಳಬಹುದು. ಫಿನ್ಲೆಂಡ್ ದೇಶದಲ್ಲಿ ಒಂದನೆಯ ತರಗತಿಯು ೭ನೆಯ ವಯಸ್ಸಿನಲ್ಲಿ ಆರಂಭವಾಗುತ್ತದೆ. ಅಲ್ಲಿಯವರು ಓದಿನಲ್ಲಿ ಹಿಂದುಳಿದ ಜನವೆಂದು ಯಾರೂ ಹೇಳಿಲ್ಲ. ನಮ್ಮ ದೇಶದ ೨೦೨೦ರ ಶಿಕ್ಷಣ ನೀತಿಯೂ ೩ರಿಂದ ೮ ವರ್ಷದವರೆಗಿನ ಕಾಲವನ್ನು ಒಂದೇ ಘಟ್ಟವೆಂದು ಎಣಿಸಿ, ಅಲ್ಲಿ ಆಟದ ಮೂಲಕ ಕಲಿಕೆಯಾಗಬೇಕೆಂದು ಹೇಳಿದೆ. ಇದರ ಅರ್ಥ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೆಂದಲ್ಲ. ಅಕ್ಷರವನ್ನು ಕೇಳಿದ ಮಗುವಿಗೆ ಇಲ್ಲವೆನ್ನಬಾರದು. ಏಳೆಂಟು ವರ್ಷವಾದರೂ ತೊಡಕು ಬಿಡದಿದ್ದರೆ ಅದನ್ನು ಸೋಮಾರಿತನವೆಂದು ಬಯ್ಯದೆ ತಿಳಿದವರಿಗೆ ತೋರಿಸಬೇಕು. ಬೇಡವೆಂದು ನಾನು ಹೇಳುವುದು ಅವಸರವನ್ನು ಮಾತ್ರ. ತಡವಾಗಿ ಕಲಿತ ಅಕ್ಷರವು ಒಂದೆರಡು ವರ್ಷಗಳಲ್ಲಿ ಸರಿಹೋದೀತು. ವಿದ್ಯೆಯ ಮೇಲೆ ಒಮ್ಮೆ ಹುಟ್ಟಿದ ಭಯವು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕಾಲೇಜಿಗೆ ಬಂದ ಮೇಲೂ ಅದನ್ನು ಹೊತ್ತಿರುವ ವಿದ್ಯಾರ್ಥಿಗಳನ್ನು ನಾನು ದಿನವೂ ಕಾಣುತ್ತೇನೆ.

ನನ್ನ ತಾಯಿಯವರ ಮಾತನ್ನು ಕೇಳಿ ಸ್ಲೇಟನ್ನು ನಾನು ಎತ್ತಿಟ್ಟೆ. ಸುಮಾರು ಒಂದೂವರೆ ವರ್ಷ ಮಗಳು ಅಜ್ಜಿಯೊಡನೆ ಹೂ ಪೋಣಿಸಿದಳು, ಅವರೆಕಾಯಿ ಸುಲಿದಳು, ರಂಗೋಲಿ ಚೆಲ್ಲಿದಳು. ಒಂದು ಸಂಜೆ ನಾನು ಬಂದಾಗ ಸ್ಲೇಟು ನನ್ನ ಕುರ್ಚಿಯ ಮೇಲಿತ್ತು. ಅದರ ಮೇಲೆ ಸೊಟ್ಟಗೆ, ದೊಡ್ಡದಾಗಿ, 'ಸರ' ಎಂದು ಬರೆದಿತ್ತು. ಆ ಸೊಟ್ಟ ಗೆರೆಗಳನ್ನು ನಾನು ಅಳಿಸಲಿಲ್ಲ.